ಫ್ಯೂಸ್ ಇಲ್ಲದ ಜಾಣತನ

ಅಂತರಪಟ ಸರಿಯಿತು. ಗಟ್ಟಿಮೇಳ. ಜೀರಿಗೆ-ಬೆಲ್ಲ ಹಾರಿದ್ದಕ್ಕೆ ಒಂದು ಕ್ಲಿಕ್, ಫ್ಲ್ಯಾಶ್ ಹೊಡೀತು. ಮದುಮಗಳು ತಲೆ ಮೇಲೆ ಕೈ ಅಡ್ಡ ಹಿಡಿದು ನಕ್ಕಳಲ್ಲ, ಆ ಕ್ಷಣಕ್ಕೆ ಮತ್ತೆ ಒತ್ತಿದೆ. ಕತ್ತಲೆ. ಫ್ಲ್ಯಾಶಿನ ಬೆನ್ನಲ್ಲಿರೋ ಕೆಂಪು ದೀಪ ಇನ್ನೂ ಹತ್ತಿರಲಿಲ್ಲ. ಐದಾರು ಸೆಕೆಂಡಾದ ಮೇಲೆ ಹತ್ತಿದಾಗ ಮದುಮಗಳ ಮುಖಕ್ಕೆ ಅಡ್ಡವಾಗಿ ಯಾರೋ ಮಾವನವರ ಬೆನ್ನು. ನೆಂಟರ ಮದುವೆಗೆ ಕ್ಯಾಮೆರಾ ಹೊತ್ತು ಹೋಗುವವರಿಗೆಲ್ಲ ಈ ಬೆನ್ನಿನ ಪರಿಚಯ ಇದ್ದೇ ಇರುತ್ತೆ.

ಹಾಗಾಗಿ ಫ್ಲ್ಯಾಶಿಗೆ ಮನೆಯಲ್ಲೇ ದೊಡ್ಡ ಬ್ಯಾಟರಿ ಪ್ಯಾಕ್ ಕಟ್ಟಿಕೊಳ್ಳುವವರ ಹುಚ್ಚು ನನಗೆ ಅರ್ಥವಾಗುತ್ತೆ. ನಾನೂ ಒಂದು ಕಟ್ಟಿದ್ದೇನೆ. ಇಲ್ಲಿ ನನ್ನ ತಕರಾರು ಇರೋದು ಪ್ಯಾಕಿನ ಮೇಲಲ್ಲ, ಅದನ್ನು ಕಟ್ಟೋದು ಹೇಗೆ ಅಂತ ಹೇಳಿಕೊಡುವ ಪಾಠಗಳ ಮೇಲೆ.

ಕಾಯಬೇಕಾಗಿ ಬರೋದು ಯಾಕೆ ಅಂದ್ರೆ, ಫ್ಲ್ಯಾಶಿನೊಳಗೆ ಒಂದು ದಪ್ಪ ಕೆಪಾಸಿಟರ್ ಇದೆ. ಬೆಳಕು ಹೊಡೆದಾಗಲೆಲ್ಲ ಅದನ್ನು ಮತ್ತೆ 300 ವೋಲ್ಟಿನ ಆಸುಪಾಸಿಗೆ ತುಂಬಬೇಕು. ತುಂಬೋರು ನಾಲ್ಕು ಪುಟ್ಟ ಎಎ ಸೆಲ್ಲುಗಳು. ಓವರ್‌ಹೆಡ್ ಟ್ಯಾಂಕನ್ನು ಚೊಂಬಿನಲ್ಲಿ ತುಂಬಿದ ಹಾಗೆ. ಮಾಮೂಲಿ ಆಲ್ಕಲೈನ್ ಸೆಲ್ ನಾಲ್ಕು ಸೇರಿದರೆ 6 ವೋಲ್ಟ್, ರೀಚಾರ್ಜ್ ಮಾಡುವ ನಿಕಲ್ ಸೆಲ್ ನಾಲ್ಕು ಸೇರಿದರೆ 4.8 ಅಷ್ಟೇ. ಆದರೂ ಎರಡನೆಯದೇ ಬೇಗ ತುಂಬುತ್ತೆ, ಏಕೆಂದರೆ ಅದರ ಒಳಗಿನ ಪ್ರತಿರೋಧ ಕಡಿಮೆ, ಕೇಳಿದಷ್ಟು ಕರೆಂಟ್ ಕೊಡುತ್ತೆ. ವೋಲ್ಟೇಜ್ ಒಂದನ್ನೇ ನೋಡಬಾರದು ಅನ್ನೋ ಈ ಮುಖ್ಯ ಮಾತು ಎಷ್ಟೋ ಪಾಠಗಳಲ್ಲಿ ಇರೋದೇ ಇಲ್ಲ.

ಜನಪ್ರಿಯ ಪಾಕವಿಧಾನ ಹೀಗಿದೆ: ಎಮರ್ಜೆನ್ಸಿ ಲ್ಯಾಂಪಿಗೆ ಹಾಕುವ 6 ವೋಲ್ಟ್, 4.5 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ. ನಾನು ತಂದದ್ದು ಎಸ್.ಪಿ. ರೋಡಿನಿಂದ. ಸೆಲ್ಲಿನ ಅಳತೆಗೆ ಕತ್ತರಿಸಿದ ಮರದ ತುಂಡು, ತುದಿಗೆ ಒಂದು ಸ್ಕ್ರೂ, ಸ್ಕ್ರೂಗೆ ವೈರು. ಈ ಸುಳ್ಳು ಸೆಲ್ಲುಗಳನ್ನು ಫ್ಲ್ಯಾಶಿನ ಹೊಟ್ಟೆಗೆ ತುರುಕಿ, ವೈರನ್ನು ಸೊಂಟದ ಚೀಲದಲ್ಲಿರೋ ಬ್ಯಾಟರಿಗೆ ಜೋಡಿಸೋದು. ಈ ಮರದ ತುಂಡು ಯಾರ ತಲೆಗೆ ಹೊಳೆಯಿತೋ, ಅವರಿಗೆ ನನ್ನದೊಂದು ನಮಸ್ಕಾರ. ಫ್ಲ್ಯಾಶ್ ಬಿಚ್ಚೋ ಹಾಗಿಲ್ಲ, ಬೇಡ ಅಂದ್ರೆ ತೆಗೆದು ಮಾಮೂಲಿ ಸೆಲ್ ಹಾಕಬಹುದು. ಇನ್ನು ಕೆಲವರು ಫ್ಲ್ಯಾಶನ್ನೇ ಬಿಚ್ಚಿ ಒಳಗೆ ಬೆಸುಗೆ ಹಾಕಿ ಅಂತಾರೆ. ಸ್ವಿಚ್ ಆಫ್ ಆದ ಮೇಲೂ ಆ 300 ವೋಲ್ಟ್ ಒಳಗೇ ಕಾದು ಕೂತಿರಬಹುದು, ಜೀವಕ್ಕೇ ಅಪಾಯ ಅನ್ನೋದನ್ನು ಕೊನೆಯ ಸಾಲಿನಲ್ಲಿ ಹೇಳ್ತಾರೆ. ಅಷ್ಟು ಹೊತ್ತಿಗೆ ಓದುಗನ ಕೈಯಲ್ಲಿ ಸ್ಕ್ರೂಡ್ರೈವರ್ ಇರುತ್ತೆ, ಮಾರಾಯ್ರೆ!

ನಾನು ಅನುಸರಿಸಿದ ಪಾಠದಲ್ಲಿ ಫ್ಲ್ಯಾಶ್ ಬಿಚ್ಚುವ ಮಾತಿರಲಿಲ್ಲ, ಸದ್ಯ. ಇದ್ದದ್ದು ಇಯರ್‌ಫೋನಿನ ಪ್ಲಗ್. ಬ್ಯಾಟರಿ ಕಡೆಯಿಂದ ಬರುವ ವೈರಿಗೆ 3.5 ಮಿಲಿಮೀಟರ್ ಆಡಿಯೊ ಪ್ಲಗ್ ಹಾಕಿ, ಎಲ್ಲಾ ಕಡೆ ಸಿಗುತ್ತೆ, ಅಗ್ಗ ಅಂತ ಬರೆದಿತ್ತು. ಹಾಕಿದೆ. ಮುಂದಿನ ಮದುವೆಯಲ್ಲಿ ಕೆಂಪು ದೀಪ ಅರ್ಧ ಹೊತ್ತಿಗೇ ಹತ್ತುತ್ತಿತ್ತು, ನನಗೋ ಭೂಮಿ ಮೇಲೆ ಕಾಲಿಲ್ಲ. ಊಟದ ಹೊತ್ತಿಗೆ ಪ್ಲಗ್ ಕಿತ್ತು ಚೀಲಕ್ಕೆ ತುರುಕಿ ಪಂಕ್ತಿಯಲ್ಲಿ ಕೂತೆ. ಹೋಳಿಗೆ ಬರುವಷ್ಟರಲ್ಲಿ ಏನೋ ಸುಟ್ಟ ವಾಸನೆ. ತೊಡೆ ಚುರ್ ಅಂತು. ಚೀಲದಲ್ಲಿ ಪ್ಲಗ್ಗಿನ ಬೆತ್ತಲೆ ತುದಿಗೂ ಬುಡಕ್ಕೂ ಬೈಕಿನ ಕೀಲಿಗೊಂಚಲು ಸೇತುವೆ ಕಟ್ಟಿತ್ತು. ವೈರಿನ ಪ್ಲಾಸ್ಟಿಕ್ ಕರಗಿ ಚೀಲದ ಬಟ್ಟೆಗೆ ತೂತು ಬಿದ್ದಿತ್ತು. ಪಕ್ಕದಲ್ಲಿ ಅಕ್ಕನ ಮಗಳು, ನಾಲ್ಕು ವರ್ಷದವಳು, ಅದೇ ಚೀಲಕ್ಕೆ ಆತುಕೊಂಡು ಹಪ್ಪಳ ತಿನ್ನುತ್ತಿದ್ದಳು.

ತಪ್ಪು ನನ್ನದೇ, ಇಂಜಿನಿಯರಿಂಗ್ ಓದಿದ್ದು ದಂಡ ಅಂತ ಭಾವನವರು ಹೇಳಿಯೂ ಆಯ್ತು. ಆದರೆ ಆ ಪಾಠವನ್ನು ಮತ್ತೆ ಓದಿ ನೋಡಿದೆ. ಫ್ಯೂಸ್ ಎಂಬ ಪದವೇ ಇರಲಿಲ್ಲ. ಫ್ಲ್ಯಾಶ್ ಹಲವು ಆಂಪಿಯರ್ ಎಳೆಯುತ್ತೆ, ಶಾರ್ಟ್ ಆದರೆ ಈ ಬ್ಯಾಟರಿ ಹತ್ತಾರು ಆಂಪಿಯರ್ ಉಗುಳುತ್ತೆ. ಆಡಿಯೊ ಪ್ಲಗ್ ಅಂತೂ ಒಳಗೆ ಜಾರುವಾಗಲೇ ಪ್ಲಸ್ಸು ಮೈನಸ್ಸು ಒಂದು ಕ್ಷಣ ಒಂದಾಗಬಹುದು. ಹಾಡು ಕೇಳೋಕೆ ಅದರಿಂದ ತೊಂದರೆಯಿಲ್ಲ. ತೆಳು ವೈರಿನದ್ದೂ ಇದೇ ಕಥೆ: 0.1 ಓಮ್ ಪ್ರತಿರೋಧ ಇದ್ದರೂ 6 ಆಂಪಿಯರ್ ಹರಿದಾಗ 0.6 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತೆ. ಅಂದ್ರೆ ಕಷ್ಟಪಟ್ಟು ಕಟ್ಟಿದ್ದರಲ್ಲಿ ಹತ್ತನೇ ಒಂದು ಭಾಗ.

ಈ ಪಾಠಗಳೆಲ್ಲ ಲೆಕ್ಕ ಹಾಕೋದು ಕಂಪನಿ ಪ್ಯಾಕಿಗಿಂತ ಎಷ್ಟು ಉಳಿಯಿತು ಅಂತ. ಕ್ಯಾನನ್‌ನ ಸಿಪಿ-ಇ4 ಪ್ಯಾಕಿನೊಳಗೂ ಇರೋದು 8 ಎಎ ಸೆಲ್ಲುಗಳೇ, ಹಾಗಾದ್ರೆ ಅಷ್ಟು ದುಡ್ಡು ಯಾಕೆ ಅಂತ ನಗ್ತಾರೆ. ದುಡ್ಡು ಹೋಗೋದು ತಿರುಗುಮುರುಗಾಗಿ ಚುಚ್ಚಲಾಗದ ಪ್ಲಗ್ಗಿನಂಥ ಬೇಜಾರಿನ ಸಾಮಾನುಗಳಿಗೆ. ಆ ಸಾಮಾನನ್ನು ನಾವೂ ಹಾಕಬಹುದು, ದುಬಾರಿಯೇನಲ್ಲ. ಆದರೆ ಅದು ಫೋಟೊದಲ್ಲಿ ಚೆನ್ನಾಗಿ ಕಾಣಲ್ಲ ನೋಡಿ.

ಬಿಸಿಯ ಮಾತೂ ಅಷ್ಟೇ. ಕಾಯುವ ಆ ಸೆಕೆಂಡುಗಳಲ್ಲಿ ಫ್ಲ್ಯಾಶ್ ತಲೆ ತಣ್ಣಗಾಗುತ್ತಿರುತ್ತೆ. 580ಇಎಕ್ಸ್-2 ಕೈಪಿಡಿ ಪೂರ್ಣ ಶಕ್ತಿಯಲ್ಲಿ ಸತತ 20 ಸಲ ಹೊಡೆದ ಮೇಲೆ ಕನಿಷ್ಠ 10 ನಿಮಿಷ ಬಿಡುವು ಕೊಡಿ ಅನ್ನುತ್ತೆ. ದೊಡ್ಡ ಬ್ಯಾಟರಿ ಕಟ್ಟಿಕೊಂಡವನಿಗೆ ಆ 20 ಯಾವಾಗ ಮುಗಿಯಿತು ಅನ್ನೋದೇ ಗೊತ್ತಾಗಲ್ಲ. ಹಳೇ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ ಎರಡು ಜೋಡಿಸಿ ಅನ್ನುವವರ ಬಗ್ಗೆ ಹೇಳೋದೇ ಬೇಡ. ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟ್, ಫ್ಲ್ಯಾಶಿನ ನಿರೀಕ್ಷೆ 6. ಜೊತೆಗೆ ಆ ಸೆಲ್ ಕೆಟ್ಟರೆ ಬೆಂಕಿಯೇ.

ನನ್ನ ಪ್ಯಾಕ್ ಈಗಲೂ ಇದೆ. ಬ್ಯಾಟರಿಯ ಪ್ಲಸ್ ತುದಿಗೆ ಅಂಟಿದ ಹಾಗೇ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿಯ 10 ಆಂಪಿಯರ್ ಫ್ಯೂಸು, ದಪ್ಪ ವೈರು, ಬ್ಯಾಟರಿ ಕಡೆಗೆ ಲೋಹ ಹೊರಗೆ ಕಾಣದ ಕನೆಕ್ಟರು. ಕೀಲಿಗೊಂಚಲು ಪ್ಯಾಂಟಿನ ಜೇಬಿಗೆ. ಹೋದ ತಿಂಗಳು ಇನ್ನೊಂದು ಧಾರೆ. ಜೀರಿಗೆ-ಬೆಲ್ಲ ಹಾರಿತು, ಫ್ಲ್ಯಾಶ್ ಎರಡು ಸಲವೂ ಹೊಡೀತು. ಎರಡನೇ ಫೋಟೊದಲ್ಲಿ ಮಾವನವರ ಬೆನ್ನು ತುಂಬಾ ಸ್ಪಷ್ಟವಾಗಿ ಬಂದಿದೆ.