ದಾನದ ಹಾಡು, ಕೂಲಿಯ ಕಿವಿ

'ಕಸ್ತೂರಿ ನಿವಾಸ'ದ ಗೊಂಬೆಯ ಹಾಡು ಕೇಳಿ ಕಣ್ಣು ಒದ್ದೆಯಾಗದ ಕನ್ನಡಿಗರು ಕಡಿಮೆ. ಪೀಣ್ಯದಲ್ಲಿ ಲೇತ್ ಶೆಡ್ಡಿನ ರೇಡಿಯೋದಲ್ಲಿ, ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಅದು ಇವತ್ತಿಗೂ ಕೇಳಿಸುತ್ತದೆ. ನನಗೂ ಇಷ್ಟದ ಹಾಡೇ. ಆದರೆ ನಮ್ಮ ಈ ಕಣ್ಣೀರು ಯಾರಿಗಾಗಿ ಎಂಬ ಪ್ರಶ್ನೆಯನ್ನು ದಲಿತ ವಿಮರ್ಶೆ ಎತ್ತಲೇಬೇಕು.

1971ರ ಈ ಚಿತ್ರದ ನಿರ್ದೇಶಕರು ದೊರೈ–ಭಗವಾನ್. ಹಾಡು ಚಿ. ಉದಯಶಂಕರ್ ಅವರದು, ಸಂಗೀತ ಜಿ.ಕೆ. ವೆಂಕಟೇಶ್, ದನಿ ಪಿ.ಬಿ. ಶ್ರೀನಿವಾಸ್. ರಾಜ್‌ಕುಮಾರ್ ಅಭಿನಯಿಸಿದ ರವಿವರ್ಮ ಬೆಂಕಿಪೊಟ್ಟಣ ಕಾರ್ಖಾನೆಯ ಮಾಲೀಕ. ಕೊಟ್ಟೇ ಗೊತ್ತು, ಕೈಯೊಡ್ಡಿ ಗೊತ್ತಿಲ್ಲ. ಒಳ್ಳೆಯ ದಿನಗಳಲ್ಲಿ ಬಂದ ಹಾಡೇ ಅವನು ಎಲ್ಲ ಕಳೆದುಕೊಂಡ ಮೇಲೆ ಮತ್ತೆ ಬರುತ್ತದೆ. ಕೊನೆಗೆ, ಕೇಳಿದವರಿಗೆ ಕೊಡಲಾಗಲಿಲ್ಲವಲ್ಲ ಎಂಬ ಸಂಕಟದಲ್ಲೇ ಸಾಯುತ್ತಾನೆ. ಅಂದರೆ ಇಲ್ಲಿ ದುರಂತ ಎಂದರೆ ಬಡತನವಲ್ಲ, ಕೊಡುವ ಸ್ಥಾನದಿಂದ ಇಳಿಯುವುದು.

ಹಾಗಾದರೆ ಆ ಕಾರ್ಖಾನೆಯಲ್ಲಿ ಕಡ್ಡಿಗೆ ಮದ್ದು ಹಚ್ಚಿದ, ಪೊಟ್ಟಣ ತುಂಬಿದ ಕೈಗಳು ಏನಾದವು? ಕಥೆಯ ಕರುಣೆ ಅತ್ತ ಹೊರಳುವುದು ಕಡಿಮೆ. ನಮ್ಮ ಹಟ್ಟಿಗಳಿಗೆ ಇದು ಹೊಸದಲ್ಲ. ಕಣದಲ್ಲಿ ಮೊರ ಹಿಡಿದು ನಿಂತ ನಮ್ಮ ತಾತನಿಗೆ ಸಿಕ್ಕಿದ ರಾಗಿಯನ್ನು ಗೌಡರ ಧರ್ಮ ಅಂದರು. ಅದು ತಾತನ ವರ್ಷದ ದುಡಿಮೆ! ಕೂಲಿಯನ್ನು ದಾನ ಎಂದು ಕರೆದ ಕೂಡಲೇ ಕೊಡುವವನು ದೊಡ್ಡವನಾಗುತ್ತಾನೆ, ದುಡಿದವನು ಋಣಿಯಾಗುತ್ತಾನೆ. ಜಾತಿಪದ್ಧತಿ ನಿಂತಿರುವುದು ಬೈಗುಳದ ಮೇಲಷ್ಟೇ ಅಲ್ಲ, ಇಂಥ ಔದಾರ್ಯದ ಮೇಲೂ.

ಚಿತ್ರ ಬಂದ ನಾಲ್ಕು ವರ್ಷಕ್ಕೆ, 1975ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅಲ್ಲಿ ದುಡಿದವರು ಕರುಣೆ ಬೇಡಲಿಲ್ಲ, ಲೆಕ್ಕ ಕೇಳಿದರು. ಅದೇ ಲೆಕ್ಕವನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಯಲ್ಲಿ ಕೇಳಿದರು. ಪಿಎಫ್ ಹಣ ಪೂರ್ತಿ ತೆಗೆಯದಂತೆ ಕೇಂದ್ರ ಸರ್ಕಾರ ತಂದ ನಿಯಮದ ವಿರುದ್ಧ ಹೊಸೂರು ರಸ್ತೆಯಲ್ಲಿ ಎದ್ದ ಸಿಟ್ಟು ತುಮಕೂರು ರಸ್ತೆಯವರೆಗೂ ಹಬ್ಬಿತು; ಎರಡೇ ದಿನಕ್ಕೆ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. 'ನಮ್ ದುಡ್ಡು ನಮಗ್ ಕೊಡಿ' ಎನ್ನುವುದಕ್ಕೂ ಕೈಯೊಡ್ಡುವುದಕ್ಕೂ ಅಜಗಜಾಂತರ.

ಹಾಗೆಂದು ಹಾಡನ್ನು ಮಾಲೀಕರಿಗೇ ಬಿಟ್ಟುಕೊಡಬೇಕೆ? ಬೇಡ. ನನ್ನ ವಿದ್ಯಾರ್ಥಿಗಳಲ್ಲಿ ಹಲವರ ಅಪ್ಪ ಅಮ್ಮ ಪೀಣ್ಯದ ಶೆಡ್ಡುಗಳಲ್ಲಿ ಗುತ್ತಿಗೆ ಕೆಲಸದವರು. ತರಗತಿಯಲ್ಲಿ ಈ ಹಾಡಿನ ಮಾತು ಬಂದಾಗ ಒಬ್ಬ ಹುಡುಗಿ ಅಂದಳು: 'ನಮ್ಮಮ್ಮಂಗೆ ಆ ರಾಜನ ಕಥೆ ಎಲ್ಲಾ ನೆನಪಿಲ್ಲ ಸಾರ್. ಕೆಲಸದಿಂದ ತೆಗೆದಾಗೆಲ್ಲಾ ಇದನ್ನ ಗುನುಗ್ತಾಳೆ. ಬೆಳಗ್ಗೆ ಎದ್ದು ಇನ್ನೊಂದು ಗೇಟಿಗೆ ಹೋಗ್ತಾಳೆ.'

ಇದು ನನಗೆ ಬಹಳ ಮುಖ್ಯವಾದ ಓದು ಅನ್ನಿಸುತ್ತದೆ. ಆ ತಾಯಿ ಮಾಲೀಕನನ್ನು ಬಿಟ್ಟು ಗೊಂಬೆಯನ್ನು ಮಾತ್ರ ಇಟ್ಟುಕೊಂಡಿದ್ದಾಳೆ. ತಂಜಾವೂರು ಗೊಂಬೆ ತಳ್ಳಿದರೂ ಏಳುವುದು ಕಿರೀಟದ ಬಲದಿಂದಲ್ಲ. ಅದರ ದುಂಡನೆಯ ತಳದಲ್ಲಿ ಭಾರವಿದೆ, ಅದಕ್ಕೆ. ಚಿತ್ರ ಆ ಗೊಂಬೆಗೆ ದೊರೆಯ ಮುಖ ಬರೆಯಿತು. ಕೇಳುವ ಜನ ಅದನ್ನು ಒರೆಸಿ ತಮ್ಮ ಮುಖ ಬರೆದುಕೊಳ್ಳುತ್ತಿದ್ದಾರೆ. ಜನಪ್ರಿಯ ಗೀತೆಗಳನ್ನು ಭಾವುಕತೆ ಎಂದು ತಳ್ಳಿಹಾಕುವ ಮುನ್ನ ನಮ್ಮ ವಿಮರ್ಶಕರು ಒಮ್ಮೆ ಈ ಕಿವಿಗಳಿಂದ ಕೇಳಿ ನೋಡಲಿ.