ಮಳೆಯ ತಪ್ಪೇನೂ ಇಲ್ಲ

ಮಳೆ ಎಲ್ಲ ಹೊಲಗಳಿಗೂ ಒಂದೇ ಸಮ ಬೀಳುತ್ತದೆ. ಒಂದರಲ್ಲಿ ಭತ್ತ ಬರುತ್ತದೆ, ಪಕ್ಕದ್ದರಲ್ಲಿ ಜವೆಗೋಧಿ. ಆ ವ್ಯತ್ಯಾಸ ಬೀಜದ್ದು, ಮಳೆಯದ್ದಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದಕ್ಕೆ ಭಾಷ್ಯ ಬರೆಯುವಾಗ ಶಂಕರಾಚಾರ್ಯರು ಈಶ್ವರನ ಪರವಾಗಿ ಮುಂದಿಡುವ ದೃಷ್ಟಾಂತ ಇದು. ಅಲ್ಲಿ ಈಶ್ವರನ ಮೇಲೆ ಎರಡು ಆರೋಪಗಳಿವೆ. ಮೊದಲನೆಯದು ವೈಷಮ್ಯ: ದೇವತೆಗಳಿಗೆ ಬರೀ ಸುಖ, ಪಶುಗಳಿಗೆ ಬರೀ ಸಂಕಟ, ಮನುಷ್ಯರಿಗೆ ಅಷ್ಟಿಷ್ಟು ಎಂದು ಹಂಚಿದ ಪಕ್ಷಪಾತ. ಎರಡನೆಯದು ನೈರ್ಘೃಣ್ಯ: ಕನಿಕರವೇ ಇಲ್ಲದಿರುವುದು. ಸೂತ್ರಕಾರರು ಕೊಡುವ ಉತ್ತರ ಒಂದೇ ಪದದಲ್ಲಿ ಮುಗಿಯುತ್ತದೆ, ಸಾಪೇಕ್ಷತೆ. ಈಶ್ವರ ತನ್ನ ಮನಸ್ಸಿಗೆ ಬಂದಂತೆ ಹಂಚುವುದಿಲ್ಲ, ಜೀವಿಗಳ ಕರ್ಮವನ್ನು ನೋಡಿ ಕೊಡುತ್ತಾನೆ.

ಈ ದೃಷ್ಟಾಂತವನ್ನು ಮಲೆನಾಡಿನ ಅಡಿಕೆ ತೋಟದವರ ಮುಂದೆ ಹೇಳಿ ನೋಡಿ. ಆಷಾಢದ ಮಳೆ ಬಿಡುವು ಕೊಡದೆ ಹೊಡೆದರೆ ಕೊಳೆರೋಗ ಹತ್ತುತ್ತದೆ, ಎಳೆಗಾಯಿ ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಬೋರ್ಡೋ ಹೊಡೆದದ್ದಾಯಿತು, ಗೊನೆಗಳಿಗೆ ಕೊಟ್ಟೆ ಕಟ್ಟಿದ್ದೂ ಆಯಿತು. ಗಿಡ ಒಳ್ಳೆಯದೇ, ಆರೈಕೆಯೂ ಸರಿ. ಹೆಚ್ಚಾದದ್ದು ಮಳೆ. ಆದರೂ ಅವರು ಮಳೆಯ ಮೇಲೆ ಕೇಸು ಹಾಕುವುದಿಲ್ಲ, ಏಕೆಂದರೆ ಮಳೆಗೆ ಕಣ್ಣಿಲ್ಲ. ಯಾವ ತೋಟದ ಮೇಲೆ ಬೀಳುತ್ತಿದ್ದೇನೆ, ಎಲ್ಲಿ ನಿಲ್ಲಿಸಬೇಕು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಶಂಕರರ ದೃಷ್ಟಾಂತ ತೊಡಕಿಗೆ ಬೀಳುವುದು ಇಲ್ಲಿಯೇ. ಮಳೆಗೆ ಕ್ಷಮೆ ಸಿಗುವುದು ಅದು ಕುರುಡಾದ್ದರಿಂದ. ಈಶ್ವರನಾದರೋ ಸರ್ವಜ್ಞ, ಸರ್ವಶಕ್ತ. ಕುರುಡನಿಗೆ ಸಲ್ಲುವ ಮಾಫಿಯನ್ನು ಎಲ್ಲವನ್ನೂ ಕಾಣುವವನಿಗೂ ಬರೆದುಕೊಡಬಹುದೇ?

ವೇದಾಂತಕ್ಕೆ ಈ ಪ್ರಶ್ನೆ ಹೊಳೆದಿಲ್ಲವೆಂದು ಯಾರಾದರೂ ತಿಳಿದರೆ ಅವರು ಪೂರ್ವಪಕ್ಷಗಳನ್ನು ಓದಿಲ್ಲ ಎಂದೇ ಅರ್ಥ. ಸೃಷ್ಟಿಗೆ ಮೊದಲು ಕರ್ಮ ಎಲ್ಲಿತ್ತು ಎಂಬ ಆಕ್ಷೇಪವನ್ನು ಮುಂದಿನ ಸೂತ್ರವೇ ಎತ್ತಿಕೊಂಡು, ಸಂಸಾರ ಅನಾದಿ ಎಂದು ಉತ್ತರಿಸುತ್ತದೆ. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ, ಹಿಂದಕ್ಕೆ ಹೋದಷ್ಟೂ ಇನ್ನೊಂದು ಜನ್ಮ. ತರ್ಕಕ್ಕೆ ಇದರಲ್ಲಿ ದೋಷ ಹಿಡಿಯುವುದು ಸುಲಭವಲ್ಲ. ಆದರೆ ಸರಪಳಿಯ ಒಂದೊಂದು ಕೊಂಡಿಗೂ ಕಾರಣ ಸಿಕ್ಕಿತೆಂದು ಸರಪಳಿಗೇ ಕಾರಣ ಸಿಕ್ಕಂತಾಗುವುದಿಲ್ಲ. ಈ ಜನ್ಮದ ನೋವಿಗೆ ಹಿಂದಿನ ಜನ್ಮದ ತಪ್ಪು ಕಾರಣ, ಒಪ್ಪೋಣ. ತಪ್ಪಿಗೆ ಇಷ್ಟು ನೋವು ಎಂಬ ಲೆಕ್ಕ ನಡೆಯುವ ಪ್ರಪಂಚವೇ ಯಾಕಿರಬೇಕಿತ್ತು ಎಂಬುದಕ್ಕೆ ಅನಾದಿತ್ವ ಉತ್ತರ ಹೇಳುವುದಿಲ್ಲ. ಅದು ಪ್ರಶ್ನೆಯನ್ನು ಒಂದೊಂದೇ ಮನೆ ಹಿಂದಕ್ಕೆ ಸಾಗಿಸುತ್ತ ಹೋಗುತ್ತದೆ.

ಈ ಗಂಟನ್ನು ತುಂಬ ಹಿಂದೆಯೇ ಕಂಡವರು ನಾಸ್ತಿಕರೆಂದು ಬೈಸಿಕೊಂಡವರು ಮಾತ್ರವಲ್ಲ. ವೈದಿಕ ಕರ್ಮಕ್ಕೆ ಕಟ್ಟುಬಿದ್ದ ಕುಮಾರಿಲ ಭಟ್ಟರೇ ಶ್ಲೋಕವಾರ್ತಿಕದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಸೀಳಿಹಾಕಿದ್ದಾರೆ. ಕರುಣೆಯಿಂದ ಸೃಷ್ಟಿಸಿದನೆನ್ನುತ್ತೀರಿ, ಕರುಣೆ ತೋರಿಸುವುದಕ್ಕೆ ಸೃಷ್ಟಿಗೆ ಮುಂಚೆ ಯಾರಿದ್ದರು? ಕರುಣೆಯೇ ಕಾರಣವಾಗಿದ್ದರೆ ಸುಖವನ್ನಷ್ಟೇ ಸೃಷ್ಟಿಸಬೇಕಿತ್ತಲ್ಲ? ಇವು ಅವರ ಪ್ರಶ್ನೆಗಳ ಸಾರ. ಮೀಮಾಂಸಕರಿಗೆ ಕರ್ಮ ತನ್ನಷ್ಟಕ್ಕೇ ಫಲ ಕೊಡುತ್ತದೆ, ನಡುವೆ ಮ್ಯಾನೇಜರು ಬೇಕಿಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಜಗತ್ತನ್ನು ಮಾಡುವ ಮುಂಚೆ ಅವನೆಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ, ಪರಿಪೂರ್ಣನಿಗೆ ಮಾಡುವ ಆಸೆ ಯಾಕೆ ಬಂತು, ಆಟಕ್ಕೆಂದು ಮಾಡಿದ್ದರೆ ಅವನು ಹುಡುಗನಂತಾದನಲ್ಲ ಎಂದು ಒಂದರ ಹಿಂದೆ ಒಂದು ಕೇಳುತ್ತಾರೆ. ಆ ಆದಿಪುರಾಣವನ್ನು ಆಧಾರವಾಗಿಟ್ಟುಕೊಂಡೇ ಪಂಪ 941ರಲ್ಲಿ ಕನ್ನಡದಲ್ಲಿ ತನ್ನ ಆದಿಪುರಾಣ ಬರೆದದ್ದು. ಕನ್ನಡ ಕಾವ್ಯ ಹೆಜ್ಜೆಯೂರಿದ ನೆಲದಲ್ಲಿ ಸೃಷ್ಟಿಕರ್ತ ದೇವರ ಮೇಲಿನ ವಿಚಾರಣೆ ಆಗಲೇ ನಡೆದುಹೋಗಿತ್ತು. ನಾವು ಅದನ್ನು ಹೊರಗಿನಿಂದ ಬಂದ ವಿಚಾರವಾದವೆಂದು ಆಮೇಲೆ ಭಾವಿಸಿಕೊಂಡೆವು, ಆ ಮಾತು ಬೇರೆ.

ಜೈನರ ಉತ್ತರ ಅಚ್ಚುಕಟ್ಟಾಗಿದೆ. ತೀರ್ಥಂಕರ ಕೊಡುವವನೂ ಅಲ್ಲ, ಕಳೆಯುವವನೂ ಅಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಕ್ಕೂ ಮೇಲಿನಿಂದ ನಿಂತಿರುವ ಗೊಮ್ಮಟನ ಮುಖದಲ್ಲಿ ತಿಳಿನಗೆಯಿದೆ, ನಿಮ್ಮ ಅಹವಾಲು ಕೇಳಿಸಿಕೊಳ್ಳುವ ಕುತೂಹಲವಿಲ್ಲ. ಅಧಿಕಾರವೇ ಇಲ್ಲದ ಮೇಲೆ ಅಧಿಕಾರ ಚಲಾಯಿಸಲಿಲ್ಲವೆಂಬ ದೂರೂ ಇಲ್ಲ. ಆದರೆ ಪ್ರಾರ್ಥನೆಯ ಅಭ್ಯಾಸ ಅಂಟಿರುವ ನಮ್ಮಂಥವರಿಗೆ ಇಷ್ಟು ಸ್ವಚ್ಛವಾದ ಉತ್ತರ ಬಿಸಿಲಿನಲ್ಲಿ ಬರಿಗಾಲಲ್ಲಿ ಬಂಡೆ ಹತ್ತಿದಂತೆ.

ಕರ್ಮಸಿದ್ಧಾಂತದ ಬಗ್ಗೆ ನನ್ನ ನಿಜವಾದ ತಕರಾರು ತರ್ಕದ್ದಲ್ಲ, ವ್ಯಾಕರಣದ್ದು. ಕನ್ನಡದಲ್ಲಿ ‘ನನ್ನ ಕರ್ಮ’ ಎಂದು ಹಣೆ ಚಚ್ಚಿಕೊಳ್ಳುವುದಿದೆ. ಬಸ್ಸು ತಪ್ಪಿದಾಗಲೂ ಅನ್ನುತ್ತೇವೆ, ಮಗ ಹಾದಿ ತಪ್ಪಿದಾಗಲೂ ಅನ್ನುತ್ತೇವೆ. ಉತ್ತಮ ಪುರುಷದಲ್ಲಿ ಆ ಮಾತಿಗೆ ಒಂದು ಸಮಾಧಾನವಿದೆ, ಅರ್ಧ ನಗೆಯೂ ಇದೆ. ಅದೇ ಮಾತನ್ನು ಮಧ್ಯಮ ಪುರುಷಕ್ಕೆ ತಿರುಗಿಸಿ, ‘ನಿನ್ನ ಕರ್ಮ’ ಎನ್ನಿ. ನೊಂದವನು ಆರೋಪಿಯಾಗುತ್ತಾನೆ. ಈಶ್ವರನನ್ನು ಕಟಕಟೆಯಿಂದ ಇಳಿಸುವುದಕ್ಕೆ ಯಾರಾದರೊಬ್ಬರು ಅಲ್ಲಿ ಹತ್ತಿ ನಿಲ್ಲಬೇಕಲ್ಲ! ಹುಟ್ಟುಕುರುಡನನ್ನು, ಬಾಲವಿಧವೆಯನ್ನು, ಕೇರಿಯಾಚೆ ಹುಟ್ಟಿದವನನ್ನು ಹೀಗೆ ಹತ್ತಿಸಿದ ಚರಿತ್ರೆ ನಮ್ಮದು. ಭಾಷ್ಯಕಾರರು ಇದಕ್ಕೆಂದೇ ಬರೆದರೆಂದು ನಾನು ಹೇಳುತ್ತಿಲ್ಲ. ಬರೆದದ್ದು ಹೀಗೆ ಸುಲಭವಾಗಿ ಬಳಕೆಗೆ ಒದಗಿತು ಎಂಬುದನ್ನು ಮುಚ್ಚಿಡಲೂ ಆಗದು.

1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತಾಗ ಗಾಂಧೀಜಿ ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಉದ್ದೇಶ ಒಳ್ಳೆಯದೇ. ಹಳೆಯ ಅಸ್ತ್ರವನ್ನು ಅದನ್ನು ಹಿಡಿದಿದ್ದವರ ಕಡೆಗೇ ತಿರುಗಿಸಿದ್ದರು. ರವೀಂದ್ರನಾಥ ಠಾಕೂರರಿಗೆ ಅದನ್ನು ಸಹಿಸಲಾಗಲಿಲ್ಲ. ಭೌತಿಕ ಘಟನೆಗೆ ಭೌತಿಕ ಕಾರಣ ಹುಡುಕಬೇಕು, ಇದೇ ತರ್ಕವನ್ನು ಹಿಡಿದು ಸನಾತನಿಗಳು ನಾಳೆ ನಿಮ್ಮ ಚಳವಳಿಯೇ ಭೂಕಂಪಕ್ಕೆ ಕಾರಣವೆಂದರೆ ಏನು ಮಾಡುತ್ತೀರಿ ಎಂಬುದು ಅವರ ಆಕ್ಷೇಪ. ಗಾಂಧೀಜಿ ಅದನ್ನು ತಮ್ಮ ಹರಿಜನ ಪತ್ರಿಕೆಯಲ್ಲೇ ಅಚ್ಚುಹಾಕಿ, ಉತ್ತರವನ್ನೂ ಬರೆದರು. ಅಂಥ ಸಂಪಾದಕರು ಈಗ ಸಿಗುವುದು ಕಷ್ಟ. ಯುರೋಪಿನಲ್ಲಿ 1755ರ ಲಿಸ್ಬನ್ ಭೂಕಂಪ ಲೈಬ್ನಿಜ್‌ನ ಆಶಾವಾದಕ್ಕೆ ಕೊಟ್ಟ ಪೆಟ್ಟನ್ನು ನಾವು ಪಠ್ಯದಲ್ಲಿ ಓದುತ್ತೇವೆ. ನಮ್ಮ ಇಬ್ಬರು ದೊಡ್ಡವರ ನಡುವೆ ನಡೆದ ಈ ಜಗಳವನ್ನು ಓದುವುದಿಲ್ಲ.

ಇಷ್ಟೆಲ್ಲದರ ನಡುವೆ ಮುಖ ಮುಚ್ಚಿಕೊಳ್ಳದೆ ಮಾತಾಡಿದವರು ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು. ಅವರ ಉತ್ತರ ನನಗೆ ಒಪ್ಪಿಗೆಯಿಲ್ಲ, ಆದರೆ ಅವರ ಧೈರ್ಯಕ್ಕೆ ಕೈಮುಗಿಯುತ್ತೇನೆ. ಈಶ್ವರ ಕರ್ಮವನ್ನು ನೋಡಿ ಕೊಡುತ್ತಾನೆಂದರೆ ಅವನಿಗಿಂತ ಕರ್ಮವೇ ದೊಡ್ಡದಾಗಲಿಲ್ಲವೇ? ಬೇರೆಯವರು ತೇಲಿಸಿಬಿಟ್ಟ ಈ ಪ್ರಶ್ನೆಯನ್ನು ಮಧ್ವರು ನೇರವಾಗಿ ಎದುರಿಸುತ್ತಾರೆ. ಹರಿಯೊಬ್ಬನೇ ಸ್ವತಂತ್ರ. ಕರ್ಮ, ಕಾಲ, ಸ್ವಭಾವ, ಜೀವ ಎಲ್ಲವೂ ಇರುವುದು ಅವನು ಇರಗೊಟ್ಟದ್ದರಿಂದ. ಹಾಗಾದರೆ ದುಃಖವನ್ನೂ ಅವನೇ ಇರಗೊಟ್ಟನೇ? ಹೌದು ಎನ್ನುವುದಕ್ಕೆ ದ್ವೈತ ಹಿಂಜರಿಯುವುದಿಲ್ಲ. ಕರ್ಮದ ಹಿಂದೆ ಜೀವದ ಅನಾದಿ ಯೋಗ್ಯತೆಯಿದೆ. ಕೆಲವರು ಮುಕ್ತಿಯೋಗ್ಯರು, ಕೆಲವರು ನಿತ್ಯಸಂಸಾರಿಗಳು, ಕೆಲವರು ತಮೋಯೋಗ್ಯರು. ಮೂರನೆಯವರಿಗೆ ಅಂಧಂತಮಸ್ಸೇ ಕೊನೆ, ಅಲ್ಲಿಂದ ಮರಳುವ ದಾರಿಯಿಲ್ಲ. ಜೀವಗಳನ್ನು ಹೀಗೆ ಮಾಡಿದವನು ಹರಿಯಲ್ಲ, ಅವು ಅನಾದಿ. ಅವನು ಸೃಷ್ಟಿಯ ಮೂಲಕ ಒಂದೊಂದರ ಒಳಗಿರುವುದನ್ನು ಹೊರಗೆ ತರುತ್ತಾನೆ. ಬೇವಿನ ಬೀಜದಿಂದ ಮಾವನ್ನು ಬರಿಸುವುದು ಬೇವಿಗೆ ಮಾಡುವ ಉಪಕಾರವಲ್ಲ ಎಂದು ಈ ವಾದವನ್ನು ನಮ್ಮ ಮಾತಿಗೆ ಇಳಿಸಬಹುದು.

ಭಾರತೀಯ ದರ್ಶನಗಳಲ್ಲಿ ಇಷ್ಟು ಕಠೋರವಾದ ಮಾತು ಅಪರೂಪ. ಆದರೆ ಗಮನಿಸಿ, ಸರ್ವಶಕ್ತನನ್ನು ಸರ್ವಶಕ್ತನಾಗಿಯೇ ಉಳಿಸಿಕೊಂಡು ನೋವಿನ ಲೆಕ್ಕ ಕೊಡಹೊರಟರೆ ಬೆಲೆ ಇಷ್ಟಾಗುತ್ತದೆಂದು ಬಿಲ್ಲನ್ನು ಮೇಜಿನ ಮೇಲೆ ಇಟ್ಟವರು ಅವರೇ. ಉಳಿದವರು ಆ ಬಿಲ್ಲನ್ನು ಮುಂದಿನ ಜನ್ಮದ ಖಾತೆಗೆ ಬರೆದರು. ಕೊಟ್ಟ ಬೆಲೆ ಏನೆಂದೂ ಕಾಣುತ್ತದೆ. ಹರಿಯ ಶಕ್ತಿ ಉಳಿಯಿತು, ಅವನು ನಿರ್ದೋಷನಾಗಿಯೂ ಉಳಿದ. ‘ಎಲ್ಲರನ್ನೂ ಬಿಡಿಸು’ ಎಂದು ಕೇಳುವ ಜಾಗ ಮಾತ್ರ ಇಲ್ಲವಾಯಿತು.

ಆ ಜಾಗವನ್ನು ಅದೇ ಪರಂಪರೆ ಇನ್ನೊಂದು ಬಾಗಿಲಿನಿಂದ ತೆರೆದದ್ದು ನನಗೆ ಇವತ್ತಿಗೂ ಬೆರಗು. ನ್ಯಾಯಾಮೃತ ಬರೆದು ಅದ್ವೈತಿಗಳಿಗೆ ತಲೆನೋವು ತಂದ ವ್ಯಾಸತೀರ್ಥರ ಹೆಸರಿನಲ್ಲೇ, ಕೃಷ್ಣ ಬೇಗ ಬರಲಿ ಎಂದು ಕರೆಯುವ ಕನ್ನಡದ ಹಾಡೂ ಇದೆ. ಸಂಸ್ಕೃತದಲ್ಲಿ ಯೋಗ್ಯತೆಯ ತಾರತಮ್ಯ, ಕನ್ನಡದಲ್ಲಿ ‘ಬೇಗ ಬಾ’. ಪುರಂದರ, ಕನಕರ ಪೀಳಿಗೆ ಇನ್ನೂ ಮುಂದೆ ಹೋಗಿ ದೇವರಿಗೆ ಬೈಯುವುದನ್ನೇ ಸ್ತುತಿಯ ಒಂದು ಬಗೆ ಮಾಡಿಕೊಂಡಿತು. ನಿನಗೆ ಕರುಣೆಯಿಲ್ಲವೇ ಎಂದು ನಿಂದಾಸ್ತುತಿಯಲ್ಲಿ ಕೇಳುವುದು ಆ ಹಳೆಯ ನೈರ್ಘೃಣ್ಯದ ಆರೋಪವೇ. ಸೂತ್ರ ವಜಾ ಮಾಡಿದ ಅರ್ಜಿಯನ್ನು ದಾಸರು ತಂಬೂರಿ ಹಿಡಿದು ಮತ್ತೆ ಸಲ್ಲಿಸಿದರು. ಭಕ್ತಿಯಲ್ಲಿ ತರ್ಕವನ್ನು ಹುಡುಕಬಾರದೆಂದು ಪಂಡಿತರು ಇದನ್ನು ಬದಿಗೆ ಸರಿಸುವುದುಂಟು. ನನಗೆ ಕಾಣುವುದು ತಿರುಗುಮುರುಗು: ಸಿದ್ಧಾಂತಕ್ಕೆ ಎಲ್ಲಿ ನೋವಾಗುತ್ತಿತ್ತೋ ಅಲ್ಲಿಗೆ ಹಾಡು ಕೈಯಿಟ್ಟಿದೆ.

ಆದರೆ ದೇವರು ನಮ್ಮ ನೋವನ್ನು ತೊಡೆಯಬೇಕೇ, ಜೊತೆಗೆ ನೋಯಬೇಕೇ ಎಂಬ ಪ್ರಶ್ನೆಯನ್ನು ಅದರ ಸರಿಯಾದ ಜಾಗದಲ್ಲಿಟ್ಟು ಜಗಳವಾಡಿದವರು ಶ್ರೀವೈಷ್ಣವರು. ಅವರ ತೆಂಗಲೆ, ವಡಗಲೆ ಪಂಗಡಗಳ ನಡುವೆ ಎಣಿಸುವ ಹದಿನೆಂಟು ಭೇದಗಳಲ್ಲಿ ನಾಮದ ಆಕಾರದ ಬಗ್ಗೆ ಕೋರ್ಟಿನವರೆಗೆ ಹೋದದ್ದು ಎಲ್ಲರಿಗೂ ಗೊತ್ತು. ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವುದೋ, ಮಂಗನ ಮರಿ ತಾನೇ ತಾಯಿಯನ್ನು ಅಪ್ಪಿಕೊಳ್ಳುವುದೋ ಎಂಬ ವಾದವೂ ಗೊತ್ತು. ಇನ್ನೊಂದು ಭೇದ ದಯೆ ಎಂದರೇನು ಎಂಬುದರ ಬಗ್ಗೆ. ಪರರ ದುಃಖವನ್ನು ಕಂಡು ತಾನೂ ದುಃಖಪಡುವುದು ದಯೆ ಎನ್ನುತ್ತಾರೆ ತೆಂಗಲೆಯವರು. ಪರರ ದುಃಖವನ್ನು ಕಳೆಯಬೇಕೆಂಬ ಇಚ್ಛೆ ದಯೆ ಎನ್ನುತ್ತಾರೆ ವಡಗಲೆಯವರು. ಮೊದಲನೆಯದರಲ್ಲಿ ಭಗವಂತ ನಮ್ಮ ಜೊತೆ ನೋಯುತ್ತಾನೆ. ಆಗ ಆನಂದಸ್ವರೂಪನಿಗೆ ನೋವು ಹೇಗೆ ಬಂತೆಂದು ಕೇಳಬೇಕಾಗುತ್ತದೆ. ಎರಡನೆಯದರಲ್ಲಿ ಅವನು ನೋಯುವುದಿಲ್ಲ, ಕಳೆಯಬೇಕೆಂದುಕೊಳ್ಳುತ್ತಾನೆ. ಹಾಗಾದರೆ ಸರ್ವಶಕ್ತನ ಇಚ್ಛೆ ಯಾಕೆ ಇನ್ನೂ ಇಚ್ಛೆಯಾಗಿಯೇ ಉಳಿದಿದೆ?

ಎರಡು ಕಡೆಯವರೂ ತಮ್ಮ ತಮ್ಮ ಹಿರಿಯರೆಂದು ನೆನೆಯುವ ಇಬ್ಬರು ಒಂದೇ ದುರಂತವನ್ನು ಕಂಡವರು. 1323ರ ಸುಮಾರಿಗೆ ದೆಹಲಿಯ ಸೈನ್ಯ ಶ್ರೀರಂಗದ ಮೇಲೆ ಬಿದ್ದಾಗ ಇಳಿವಯಸ್ಸಿನ ಪಿಳ್ಳೈ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ಹೊತ್ತವರ ಜೊತೆ ಹೊರಟು, ಮಧುರೆಯ ಬಳಿಯ ಹಳ್ಳಿಯೊಂದರಲ್ಲಿ ತೀರಿಕೊಂಡರೆಂದು ಪರಂಪರೆ ಹೇಳುತ್ತದೆ. ವೇದಾಂತ ದೇಶಿಕರು ಶ್ರುತಪ್ರಕಾಶಿಕೆ ಎಂಬ ಗ್ರಂಥದ ಓಲೆಗಳನ್ನು ಕಾಪಾಡಿಕೊಂಡು ಹೆಣಗಳ ನಡುವೆ ಅಡಗಿ ರಾತ್ರಿ ಕಳೆದರಂತೆ. ಆಮೇಲೆ ಅವರು ಬಂದು ಉಳಿದದ್ದು ನಮ್ಮ ಕೊಳ್ಳೇಗಾಲದ ಹತ್ತಿರದ ಸತ್ಯಾಗಾಲದಲ್ಲಿ, ಕಾವೇರಿಯ ಬದಿಯಲ್ಲಿ. ಕೆಳಗೆ ಶ್ರೀರಂಗದ ಕಡೆಗೆ ಹೋಗುವ ಅದೇ ನೀರು.

ದೇಶಿಕರ ದಯಾಶತಕ ತಿರುಪತಿಯ ಶ್ರೀನಿವಾಸನ ಮೇಲಿನ ಸ್ತೋತ್ರವೆಂದು ಹೆಸರಾಗಿದ್ದರೂ ಅವರು ಮಾತಾಡಿಸುವುದು ಶ್ರೀನಿವಾಸನನ್ನಲ್ಲ, ಅವನ ದಯೆಯನ್ನು. ದಯೆ ಅಲ್ಲಿ ದೇವಿಯಾಗಿದ್ದಾಳೆ. ಯಜಮಾನರ ಹತ್ತಿರ ಆಗದ ಕೆಲಸವನ್ನು ಅಮ್ಮನವರ ಕಿವಿಗೆ ಹಾಕುವಂತೆ ಕವಿ ಅವಳ ಬಳಿ ಹೋಗುತ್ತಾರೆ. ಒಂದು ಕಡೆ ಅವರು ಅವಳಿಗೆ ಹೇಳುವ ಮಾತಿನ ತಾತ್ಪರ್ಯ ಇದು: ಅವನ ಜ್ಞಾನ, ಬಲ, ಐಶ್ವರ್ಯ, ಶಕ್ತಿ ಎಲ್ಲ ದೊಡ್ಡವೇ, ಆದರೆ ತಾಯಿ, ನೀನು ಜೊತೆಗಿಲ್ಲದಿದ್ದರೆ ಅವೆಲ್ಲ ನಮ್ಮ ಪಾಲಿಗೆ ದೋಷಗಳೇ.