ಹೊಂಡಕ್ಕೆ ಬಿದ್ದ ಆಟ

2014ರ ಏಪ್ರಿಲ್ 26ರಂದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೋರ್ಡೊ ಎಂಬ ಮರಳುಗಾಡಿನ ಊರಿನಲ್ಲಿ ನೂರಾರು ಮಂದಿ ಒಂದು ಹಳೆಯ ಕಸದ ಗುಂಡಿಯ ಸುತ್ತ ನೆರೆದಿದ್ದರು. ಧೂಳಿನ ಬಿರುಗಾಳಿ ಬೀಸುತ್ತಿದ್ದರೂ ಜನ ಕಾದರು. ಮೂರು ದಶಕಗಳ ಕಸವನ್ನು ಯಂತ್ರವು ಬಗೆದು ಮೇಲೆತ್ತಿದಾಗ ಅದರೊಳಗಿಂದ ನಜ್ಜುಗುಜ್ಜಾದ ವಿಡಿಯೋ ಗೇಮ್ ಕ್ಯಾಸೆಟ್ಟೊಂದು ಹೊರಬಂದಿತು. ಅದನ್ನು ಎತ್ತಿ ತೋರಿಸಿದಾಗ ನೆರೆದವರು ನಿಧಿ ಸಿಕ್ಕವರಂತೆ ಹರ್ಷೋದ್ಗಾರ ಮಾಡಿದರು. ಈ ಪ್ರಸಂಗವನ್ನೇ ವಸ್ತುವಾಗಿರಿಸಿಕೊಂಡು ಝ್ಯಾಕ್ ಪೆನ್ ನಿರ್ದೇಶಿಸಿದ ‘ಅಟಾರಿ: ಗೇಮ್ ಓವರ್’ ಎಂಬ ಸಾಕ್ಷ್ಯಚಿತ್ರ ಅದೇ ವರ್ಷದ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. ಒಂದು ಗಂಟೆಗೆ ತುಸು ಮಿಕ್ಕ ಈ ಚಿತ್ರವನ್ನು, ವಿಡಿಯೋ ಗೇಮ್ ಎಂದರೆ ಮೂಗು ಮುರಿಯುವ ಹಿರಿಯರೂ ಒಮ್ಮೆ ನೋಡಬೇಕೆಂದು ನನ್ನ ಅನಿಸಿಕೆ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಲ್ಲಿ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ಆಟದ ಪೆಟ್ಟಿಗೆಗಳನ್ನು ಕಂಡವರಿಗೆ ಈ ಕ್ಯಾಸೆಟ್ಟಿನ ಪರಿಚಯ ಬೇಕಿಲ್ಲ. ಆಟ ನಿಂತೊಡನೆ ಅದನ್ನು ಕಿತ್ತು, ಉಫ್ ಎಂದು ಊದಿ, ಮತ್ತೆ ತುರುಕುತ್ತಿದ್ದ ಮಕ್ಕಳು ಇಂದು ತಾವೇ ತಂದೆತಾಯಿಗಳಾಗಿದ್ದಾರೆ. ಅಟಾರಿ ಕಂಪನಿಯ ಕ್ಯಾಸೆಟ್ಟುಗಳು ಅದಕ್ಕೂ ಹಿಂದಿನವು. 1982ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗರ ‘ಇ.ಟಿ.’ ಚಲನಚಿತ್ರ ಜಗತ್ತನ್ನೇ ಗೆದ್ದಾಗ, 2 ಕೋಟಿ ಡಾಲರಿಗೂ ಹೆಚ್ಚೆಂದು ವರದಿಯಾದ ಮೊತ್ತಕ್ಕೆ ಅದರ ಆಟದ ಹಕ್ಕನ್ನು ಅಟಾರಿಗಾಗಿ ಕೊಳ್ಳಲಾಯಿತು. ವ್ಯವಹಾರ ಕುದುರುವ ಹೊತ್ತಿಗೆ ಜುಲೈ ಮುಗಿಯುತ್ತಿತ್ತು. ಕ್ರಿಸ್ಮಸ್ ಮಾರಾಟಕ್ಕೆ ಆಟ ಸಿದ್ಧವಾಗಬೇಕಾದರೆ ಅದರ ರಚನೆಗೆ ಉಳಿದಿದ್ದುದು ಐದೇ ವಾರ. ಇಂಥ ಕೆಲಸಕ್ಕೆ ಆಗ ಸಾಮಾನ್ಯವಾಗಿ ಹಲವು ತಿಂಗಳು ಹಿಡಿಯುತ್ತಿದ್ದವು. ಆ ಹೊರೆಯನ್ನು ಹೊರಲು ಒಪ್ಪಿದವರು ಹೊವರ್ಡ್ ಸ್ಕಾಟ್ ವಾರ್ಷಾ ಎಂಬ ತರುಣ ಎಂಜಿನಿಯರ್. ‘ಯಾರ್ಸ್ ರಿವೆಂಜ್’ ಎಂಬ ಯಶಸ್ವೀ ಆಟವನ್ನು ಅವರು ಅದಾಗಲೇ ರಚಿಸಿದ್ದರು. ಒಪ್ಪಿದ್ದರಲ್ಲಿ ಸಾಹಸ ಎಷ್ಟಿತ್ತೋ ಯೌವನದ ಅಹಂಕಾರವೂ ಅಷ್ಟೇ ಇತ್ತೆಂಬುದನ್ನು ಚಿತ್ರದಲ್ಲಿ ಅವರು ಮರೆಮಾಚುವುದಿಲ್ಲ.

ಆಟ ಸಮಯಕ್ಕೆ ಸರಿಯಾಗಿ ಮುಗಿಯಿತು, ಆದರೆ ಆಡಿದ ಮಕ್ಕಳು ಬೇಸತ್ತರು. ತನ್ನ ಲೋಕಕ್ಕೆ ಕರೆ ಮಾಡಲು ಬೇಕಾದ ದೂರವಾಣಿಯ ಮೂರು ಬಿಡಿಭಾಗಗಳನ್ನು ಇ.ಟಿ. ಹುಡುಕಬೇಕು. ಅವು ಇರುವುದು ಹೊಂಡಗಳಲ್ಲಿ. ಕತ್ತು ಚಾಚಿ ತೇಲುತ್ತಾ ಮೇಲೆ ಬರಬೇಕು. ಬಂದೊಡನೆ ತುಸು ಎಚ್ಚರ ತಪ್ಪಿದರೆ ಮತ್ತೆ ಅದೇ ಹೊಂಡ. ಕಾಲು ಅಂಚಿನಿಂದ ದೂರವಿದ್ದಂತೆ ಕಂಡರೂ ತಲೆಯ ಒಂದು ಚುಕ್ಕೆ ಹೊಂಡದ ಚಿತ್ರಕ್ಕೆ ತಗಲಿದರೆ ಸಾಕು, ಬಿದ್ದಂತೆಯೇ ಲೆಕ್ಕ. ಇನ್ನೊಂದು ತಿಂಗಳ ಕಾಲಾವಕಾಶವಿದ್ದಿದ್ದರೆ ತಿದ್ದಬಹುದಾಗಿದ್ದ ದೋಷವಿದು. ಅಟಾರಿ ಲಕ್ಷಗಟ್ಟಲೆ ಕ್ಯಾಸೆಟ್ಟುಗಳನ್ನು ತಯಾರಿಸಿತ್ತು. ಮಾರಾಟವಾಗದೆ ಅವು ಗೋದಾಮಿನಲ್ಲಿ ರಾಶಿ ಬಿದ್ದವು. 1983ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸಿನ ಎಲ್ ಪಾಸೋದಿಂದ ಲಾರಿಗಳಲ್ಲಿ ಅಲಮೊಗೋರ್ಡೊಗೆ ಸಾಗಿಸಿ, ಜಜ್ಜಿ, ಹೂಳಲಾಯಿತು. ಊರ ಹುಡುಗರು ಹೆಕ್ಕಿಕೊಂಡು ಹೋಗತೊಡಗಿದಾಗ ಮೇಲೆ ಕಾಂಕ್ರೀಟ್ ಸುರಿಯಲಾಯಿತು. ಹೊಂಡಕ್ಕೆ ಬೀಳುವುದೇ ಪಾಡಾಗಿದ್ದ ಆಟ ತಾನೇ ಹೊಂಡ ಸೇರಿತು.

ಈ ಸುದ್ದಿಯನ್ನು ಆಗಲೇ ‘ನ್ಯೂಯಾರ್ಕ್ ಟೈಮ್ಸ್’ ಪ್ರಕಟಿಸಿತ್ತು. ಆದರೂ ಕಾಲ ಸರಿದಂತೆ ಅದು ದಂತಕಥೆಯಾಗಿ, ನಿಜವೋ ಸುಳ್ಳೋ ಎಂದು ಅಭಿಮಾನಿಗಳು ವರ್ಷಗಟ್ಟಲೆ ವಾದಿಸಿದರು. ಅಚ್ಚಾದ ಸುದ್ದಿಗಿಂತ ಬಾಯಿಂದ ಬಾಯಿಗೆ ಹಬ್ಬುವ ಕಥೆ ಮನುಷ್ಯನಿಗೆ ಹೆಚ್ಚು ಪ್ರಿಯವೆಂಬುದಕ್ಕೆ ಬೇರೆ ನಿದರ್ಶನ ಬೇಕೆ? ಕಥೆಯೊಂದಿಗೆ ಇನ್ನೊಂದು ತೀರ್ಪೂ ಬೆಳೆಯಿತು. ‘ಇ.ಟಿ.’ಯೇ ಲೋಕದ ಅತ್ಯಂತ ಕೆಟ್ಟ ಆಟ, ಅದೊಂದರಿಂದಲೇ ಅಟಾರಿ ಮುಳುಗಿತು ಎಂಬುದೇ ಆ ತೀರ್ಪು. 1983ರಲ್ಲಿ ಕಂಪನಿಗೆ 50 ಕೋಟಿ ಡಾಲರಿಗೂ ಮೀರಿದ ನಷ್ಟವಾದದ್ದು ನಿಜ. ಆದರೆ ಒಬ್ಬ ತರುಣನ ಐದು ವಾರಗಳ ಕೆಲಸದಿಂದ ಅಷ್ಟಾಯಿತೇ?

ಪೆನ್ ಅವರ ಚಿತ್ರದ ನಿಜವಾದ ಸತ್ವವಿರುವುದು ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿ. ಗುಂಡಿಯಿಂದ ಎದ್ದು ಬಂದುದು ‘ಇ.ಟಿ.’ ಒಂದೇ ಅಲ್ಲ. ‘ಡಿಫೆಂಡರ್’, ‘ಮಿಸೈಲ್ ಕಮಾಂಡ್’, ‘ಆಸ್ಟೆರಾಯ್ಡ್ಸ್’ ಮುಂತಾದ, ಜನ ಮೆಚ್ಚಿ ಆಡಿದ ಆಟಗಳೂ ಅದೇ ಮಣ್ಣಿನಲ್ಲಿದ್ದವು. ಕೆಟ್ಟದ್ದೆಂಬ ಕಾರಣಕ್ಕೆ ಹೂತದ್ದಾದರೆ ಅವನ್ನೇಕೆ ಹೂಳಬೇಕಿತ್ತು? ಬೇಡಿಕೆಯನ್ನು ಅಳೆಯದೆ ತಯಾರಿಸಿದ್ದು, ಮಾರುಕಟ್ಟೆಯಲ್ಲಿ ಆಟಗಳ ಪ್ರವಾಹವೇ ಹರಿದದ್ದು, ಲಾಭ ಎಂದಿಗೂ ಏರುತ್ತಲೇ ಇರುತ್ತದೆಂದು ಆಡಳಿತಗಾರರು ನಂಬಿದ್ದು ಮೂಲ ಕಾರಣಗಳು. ಯಾಜಕಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ಜನರ ಪಾಪಗಳನ್ನೆಲ್ಲಾ ಹೊತ್ತು ಮರಳುಗಾಡಿಗೆ ನಡೆಯುವ ಹೋತವೊಂದಿದೆ. ವಾರ್ಷಾರ ಪಾಡು ಬಹುಮಟ್ಟಿಗೆ ಅದೇ ಆಯಿತು. ಅವರು 1984ರಲ್ಲಿ ಅಟಾರಿಯನ್ನು ತೊರೆದರು. ಹಲವು ಕೆಲಸಗಳ ಅನಂತರ ಮನಶ್ಚಿಕಿತ್ಸಕರಾಗಿ, ತಾವು ಬಿಟ್ಟುಬಂದ ಅದೇ ತಂತ್ರಜ್ಞಾನ ಕ್ಷೇತ್ರದವರ ಮಾನಸಿಕ ಬೇಗುದಿಗೆ ಕಿವಿಗೊಡುವ ವೃತ್ತಿ ಹಿಡಿದರು. ಅಗೆತದ ದಿನ ಅಲ್ಲಿಗೆ ಬಂದ ಅವರು ನೆರೆದ ಜನರನ್ನು ಕಂಡು ಕಣ್ಣೀರಾಗುತ್ತಾರೆ. ತಾನು ಮಾಡಿದ ಕೆಲಸ ಇಷ್ಟು ವರ್ಷಗಳ ಮೇಲೂ ಜನರಲ್ಲಿ ಸಂಭ್ರಮ ಹುಟ್ಟಿಸಿತಲ್ಲಾ ಎಂಬುದೇ ಅವರ ಧನ್ಯತೆ. ಇಡೀ ಚಿತ್ರದಲ್ಲಿ ಕೃತಕತೆಯ ಲೇಶವೂ ಇಲ್ಲದ ಕ್ಷಣವದು.

ಇಷ್ಟು ಮೆಚ್ಚಿದ ಮೇಲೆ ಆಕ್ಷೇಪಣೆಗಳನ್ನೂ ಹೇಳಬೇಕು. ‘ರೆಡಿ ಪ್ಲೇಯರ್ ವನ್’ ಕಾದಂಬರಿಯ ಕರ್ತೃ ಅರ್ನೆಸ್ಟ್ ಕ್ಲೈನ್ ತಮ್ಮ ಡಿಲೋರಿಯನ್ ಕಾರಿನಲ್ಲಿ ಇ.ಟಿ. ಗೊಂಬೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುವ ದೃಶ್ಯಗಳಿಗೆ ನಿರ್ದೇಶಕರು ಧಾರಾಳವಾಗಿ ಸಮಯ ಕೊಟ್ಟಿದ್ದಾರೆ. ಮೊದಲು ನಗು ಬರುತ್ತದೆ, ಬರಬರುತ್ತಾ ಇದು ಬಾಲ್ಯದ ನೆನಪೋ ಬಾಲ್ಯದ ಪ್ರದರ್ಶನವೋ ಎಂಬ ಸಂದೇಹ ಮೂಡುತ್ತದೆ. ಇತ್ತ, 1983ರ ಆರಂಭದಲ್ಲಿ ಅಟಾರಿ ತನ್ನ ತಯಾರಿಕೆಯನ್ನು ಹಾಂಗ್‌ಕಾಂಗ್ ಮತ್ತು ತೈವಾನ್‌ಗಳಿಗೆ ಸಾಗಿಸಲು ನಿರ್ಧರಿಸಿದಾಗ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1,700 ಮಂದಿಯ ಕೆಲಸ ಹೋಯಿತು. ಗೊಂಬೆಗೆ ದೊರೆತಷ್ಟು ಜಾಗ ಈ ಕಾರ್ಮಿಕರಿಗೆ ಚಿತ್ರದಲ್ಲಿ ದೊರೆತಿಲ್ಲ. ಚಿತ್ರ ನಿರ್ಮಾಣಕ್ಕೆ ಬೆನ್ನೆಲುಬಾಗಿ ನಿಂತದ್ದು ಆಟದ ಪೆಟ್ಟಿಗೆಗಳನ್ನೇ ಮಾರುವ ಎಕ್ಸ್‌ಬಾಕ್ಸ್ ಎಂಬುದನ್ನೂ ನೋಡುಗರು ಮರೆಯಬಾರದು. ಗತಕಾಲದ ಹಂಬಲ ಇಂದು ಒಳ್ಳೆಯ ಸರಕು. ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

ಹಾಗೆಂದು ಅಭಿಮಾನಿಗಳನ್ನು ಹಗುರವಾಗಿ ಕಾಣುವುದು ಸಲ್ಲದು. ಅಲಮೊಗೋರ್ಡೊದ ಕಸ ವಿಲೇವಾರಿ ಗುತ್ತಿಗೆದಾರರಾಗಿದ್ದ ಜೋ ಲೆವಾಂಡೋವ್‌ಸ್ಕಿ ಹಳೆಯ ಛಾಯಾಚಿತ್ರಗಳನ್ನು ಪರಿಶೀಲಿಸಿ, ಆ ವಿಶಾಲ ಕಸದ ಬಯಲಿನಲ್ಲಿ ಗುಂಡಿ ಯಾವುದೆಂದು ವರ್ಷಗಟ್ಟಲೆ ಶ್ರಮಿಸಿ ಗುರುತಿಸಿದ್ದರು. ಆ ತಾಳ್ಮೆ ಯಾವ ಇತಿಹಾಸ ಸಂಶೋಧಕನಿಗೂ ಭೂಷಣ. ಇನ್ನೊಬ್ಬ ಅಭಿಮಾನಿ ಅಗೆತಕ್ಕೆ ಮುನ್ನವೇ ‘ಇ.ಟಿ.’ ಆಟದ ಒಳ ಸಂಕೇತಗಳನ್ನು ಒಂದೊಂದಾಗಿ ಓದಿ, ಹೊಂಡದ ಆ ದೋಷವನ್ನು ತಿದ್ದಿ, ಎಲ್ಲರಿಗೂ ಉಚಿತವಾಗಿ ಹಂಚಿದರು. ಇಡೀ ಆಟದ ಗಾತ್ರ ಎಂಟು ಕಿಲೋಬೈಟ್, ಇಂದಿನ ಫೋನಿನ ಒಂದು ಛಾಯಾಚಿತ್ರದ ಸಣ್ಣ ಅಂಶವೂ ಅಲ್ಲ. ಸಮಯ ಸಿಗದೆ ಸೋತ ಒಬ್ಬ ಅಪರಿಚಿತನ ಕೆಲಸವನ್ನು ಮೂವತ್ತು ವರ್ಷಗಳ ನಂತರ ಇನ್ನೊಬ್ಬ ಅಪರಿಚಿತ ಕುಳಿತು ಮುಗಿಸಿಕೊಟ್ಟದ್ದು ನನ್ನನ್ನು ಅಗೆತಕ್ಕಿಂತಲೂ ಹೆಚ್ಚು ಕಲಕಿತು. ಇದನ್ನು ಬರಿಯ ಹಳಹಳಿಕೆ ಎನ್ನಲು ನನಗೆ ಮನಸ್ಸು ಬಾರದು.

ಮೇಲೆ ಬಂದ ಸುಮಾರು 1,300 ಕ್ಯಾಸೆಟ್ಟುಗಳಲ್ಲಿ ಕೆಲವು ವಸ್ತುಸಂಗ್ರಹಾಲಯಗಳಿಗೆ ಹೋದವು. ಒಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯನ್ನು ಸೇರಿತು. ನೂರಾರನ್ನು ಊರಿನ ಆಡಳಿತ ಹರಾಜಿಗಿಟ್ಟಿತು. ‘ಇ.ಟಿ.’ಯ ಪ್ರತಿಯೊಂದು 1,500 ಡಾಲರಿಗೂ ಹೆಚ್ಚಿಗೆ ಹೋಯಿತು. ಒಟ್ಟು ಆದಾಯ 1 ಲಕ್ಷ ಡಾಲರ್ ದಾಟಿತು. ಹೂತವು 7,28,000 ಎಂದು ಅಂದು ಆ ಕೆಲಸದ ಹೊಣೆ ಹೊತ್ತಿದ್ದ ಅಟಾರಿಯ ಅಧಿಕಾರಿಯೇ ಹೇಳಿದ್ದಾರೆ. ಅಗೆತ ಮುಗಿದ ಬಳಿಕ ಗುಂಡಿಯನ್ನು ಪುನಃ ಮುಚ್ಚಲಾಯಿತು. ಉಳಿದವು ಈಗಲೂ ಅಲ್ಲಿಯೇ ಇವೆ.